ಹೋಗೋರು ಇಬ್ಬರು, ಬರೋರು ಇಬ್ಬರು

ನಮ್ಮತ್ತೆ ಕರ್ನಾಟಕವನ್ನು ಬಹಳ ಹತ್ತಿರದಿಂದ ನೋಡಿದವರು. ಅದರಲ್ಲೂ ರಸ್ತೆಬದಿಯ ಕರ್ನಾಟಕವನ್ನು, ಬಸ್ಸಿನ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ! ಬೇರೆಯವರು ಹೋದ ಊರುಗಳಲ್ಲಿ ಕಲ್ಲಿನ ಮೇಲೆ ತಮ್ಮ ಹೆಸರು ಕೆತ್ತಿ ಬರುತ್ತಾರೆ. ನಮ್ಮತ್ತೆ ಆ ಊರು ತಲುಪುವ ಮುಂಚೆಯೇ ಬೆಳಗಿನ ಉಪ್ಪಿಟ್ಟನ್ನು ದಾರಿಯಲ್ಲಿ ಅರ್ಪಿಸಿಬಿಡುತ್ತಿದ್ದರು.

ಡೀಸೆಲ್ ವಾಸನೆ ಮೂಗಿಗೆ ಬಿದ್ದರೆ ಸಾಕು, ಅವರ ಮುಖ ಎಳೆಯ ಬಾಳೆ ಎಲೆಯ ಬಣ್ಣಕ್ಕೆ ತಿರುಗುತ್ತಿತ್ತು. ಅರಸೀಕೆರೆಯ ಕಡೆ ಹೋದರೆ ಕೊನೇಹಳ್ಳಿ ದಾಟುವುದರೊಳಗೆ ಒಂದು ಸಲ, ಗ್ಯಾರಂಟಿ. ಇಂಥವರಿಗೆ ಹವ್ಯಾಸ ಏನಿರಬೇಕು ಹೇಳಿ? ಹೂ ಕಟ್ಟುವುದೇ? ಹಪ್ಪಳ ಒತ್ತುವುದೇ? ಅಲ್ಲ! ಪ್ರವಾಸ! ಎರಡು ವಾರಕ್ಕೊಂದು ಪ್ರವಾಸ! ಮೀನು ಕಂಡರೆ ಹೆದರಿ ಓಡುವ ಬೆಕ್ಕನ್ನು ಬೇಕಾದರೆ ನಾನು ನಂಬುತ್ತೇನೆ, ನಮ್ಮತ್ತೆಯನ್ನು ನಂಬಲು ನನಗೆ ವರ್ಷಗಳೇ ಬೇಕಾದವು.

ನಾನು ತಿಪಟೂರಿಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ಅದಕ್ಕೂ ಮುಂಚೆ ಬೆಂಗಳೂರಿನ ಒಂದು ಕಾನ್ವೆಂಟಿನಲ್ಲಿ ಫೋರ್ಕ್ ಯಾವ ಕೈಯಲ್ಲಿ, ನೈಫ್ ಯಾವ ಕೈಯಲ್ಲಿ ಎಂದು ಸಿಸ್ಟರ್‌ಗಳಿಂದ ಶಿಸ್ತಾಗಿ ಕಲಿತವಳು. ಆ ವಿದ್ಯೆಯನ್ನು ರಾಗಿಮುದ್ದೆಯ ಮೇಲೆ ಪ್ರಯೋಗಿಸುವ ಅವಕಾಶ ಮಾತ್ರ ಬರಲಿಲ್ಲ ಅನ್ನಿ. ಮಾವನವರದು ಕೊಬ್ಬರಿ ವ್ಯಾಪಾರ. ನಮ್ಮ ಯಜಮಾನರು ಅವರ ಜೊತೆ ಮಂಡಿಯಲ್ಲಿ. ಮನೆಯ ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಕಡೆಯ ಉಂಡೆಕೊಬ್ಬರಿ ಬಿಸಿಲಿನಲ್ಲಿ ಒಣಗಿದ್ದಲ್ಲ. ಕಾಯಿ ಸಿಪ್ಪೆಯ ಸಮೇತ ವರ್ಷದ ಹತ್ತಿರ ಅಟ್ಟದ ಕತ್ತಲಲ್ಲಿ ಸುಮ್ಮನೆ ಬಿದ್ದಿರಬೇಕು. ಒಳಗಿನ ನೀರು ತಾನೇ ಹಿಂಗಿ, ತಿರುಳು ತಾನೇ ಕರಟ ಬಿಟ್ಟುಕೊಳ್ಳಬೇಕು. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಅಷ್ಟೇ. ನಮ್ಮತ್ತೆಯ ಕಿವಿ ಇಡೀ ಬೀದಿಗೆ ಪ್ರಸಿದ್ಧ. ಮಾವನವರಿಗೆ ಅನುಮಾನ ಬಂದರೆ ಕಾಯಿ ಅಡುಗೆಮನೆಗೆ ಬರುತ್ತಿತ್ತು. ಅತ್ತೆ ಒಲೆಯ ಮುಂದಿನಿಂದ ಏಳದೆ ಒಂದೇ ಒಂದು ಸಲ ಅಲ್ಲಾಡಿಸಿ, "ಇನ್ನೊಂದ್ ತಿಂಗ್ಳು ಮಲಗ್ಲಿ ಬುಡಿ" ಎಂದು ದೊಡ್ಡ ಡಾಕ್ಟರ ಹಾಗೆ ಹೇಳಿ ಕಳಿಸುತ್ತಿದ್ದರು.

ಬಂದ ಹೊಸತರಲ್ಲಿ ನಾನು ಕೇಳಿದ್ದೆ: "ಅತ್ತೆ, ಇಲ್ಲಿ ವೀಕೆಂಡ್‌ಗೆ ಏನ್ಮಾಡ್ತೀರಿ?"

"ಹಂಗಂದ್ರೆ?"

"ಶನಿವಾರ, ಭಾನುವಾರ. ಕೆಲಸಕ್ಕೆ ರಜಾ. ಎಲ್ಲಾದರೂ ಹೋಗಿಬರೋದು."

ಅತ್ತೆ ಕೊಟ್ಟಿಗೆಯ ಕಡೆ ನೋಡಿದರು. "ಇದು ಎಮ್ಮೆಗೆ ಗೊತ್ತೇನೇ?"

ಆ ವಿಷಯ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ.

ಈಗ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೇಳದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ. ಮದುವೆಯಾದ ಎರಡನೆಯ ವರ್ಷ ನನ್ನ ಹೊಟ್ಟೆಯಲ್ಲಿದ್ದ ಏಳು ತಿಂಗಳ ಮಗು ಉಳಿಯಲಿಲ್ಲ. ಆಮೇಲೆ ನಾನು ಅಟ್ಟದ ಕೆಳಗಿನ ಚಿಕ್ಕ ಕೋಣೆಯಲ್ಲಿ ಮಲಗಿದವಳು ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ. ತೊಲೆ ಎಣಿಸುತ್ತ ಮಲಗಿದ್ದೆ, ಅಷ್ಟೇ. ಒಂಬತ್ತು ತೊಲೆ. ಬೆಂಗಳೂರಿನಿಂದ ಅಪ್ಪ ಪತ್ರ ಬರೆದರು: ಬಂದುಬಿಡು, ನೀನು ಓದಿದ ಕಾನ್ವೆಂಟಿನಲ್ಲೇ ಟೀಚರ್ ಕೆಲಸ ಖಾಲಿ ಇದೆ, ಮುಂದಿನದು ಆಮೇಲೆ ನೋಡೋಣ. ನಾನು ಹಾಸ್ಟೆಲ್ಲಿಗೆ ಒಯ್ಯುತ್ತಿದ್ದ ಹಸಿರು ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು, ಸೀರೆಗಳನ್ನೆಲ್ಲ ತುಂಬಿ, ಬೀಗ ಹಾಕಿದೆ. ಹೋದರೆ ವಾಪಸ್ಸು ಬರುವವಳಲ್ಲ ಎಂದು ನನಗೂ ಗೊತ್ತಿತ್ತು, ಮನೆಯ ಎಲ್ಲರಿಗೂ ಗೊತ್ತಿತ್ತು. ರೈಲ್ವೆ ಸ್ಟೇಷನ್ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ.

ಅತ್ತೆ ಬಾಗಿಲಲ್ಲಿ ನಿಂತು ಟ್ರಂಕು ನೋಡಿದರು. ಬೇಡ ಅನ್ನಲಿಲ್ಲ. ಅಳಲಿಲ್ಲ.

"ಹೋಗುವಂತೆ, ಅದ್ಕೇನು. ಅದ್ಕೂ ಮುಂಚೆ ಗುರುವಾರ ಅರಳಗುಪ್ಪೆಗೆ ಹೋಗ್ಬರಾಣ. ಇಷ್ಟು ಹತ್ರ ಇದ್ದು ಅರಳಗುಪ್ಪೆ ನೋಡ್ದೆ ಹೋದ್ಲು ಅಂದ್ರೆ ನಿಮ್ಮಪ್ಪ ನಮ್ಮನ್ನ ಏನಂದ್ಕೊಂಡಾರು?"

ನಮ್ಮಪ್ಪ ಅರಳಗುಪ್ಪೆಯ ಹೆಸರನ್ನೇ ಕೇಳಿದವರಲ್ಲ! ಆದರೆ ವಾದ ಮಾಡಲೂ ಶಕ್ತಿ ಬೇಕಲ್ಲ?

"ಗುರುವಾರ ಯಾಕೆ?" ಎಂದೆ.

"ಅದೇ ನಿನ್ ವೀಕೆಂಡು. ಶನಿವಾರ ಕೊಬ್ಬರಿ ಹರಾಜು, ಮನೆ ತುಂಬ ಜನ. ನಮ್ಮನೆಗೆ ವೀಕೆಂಡು ಗುರುವಾರವೇ ಬರೋದು!"

ಅಂದಿನಿಂದ ಶುರುವಾಯಿತು ಪ್ಲಾನಿಂಗ್. ಮೈ ಡಿಯರ್ ರೀಡರ್, ಈಗಿನ ಮಕ್ಕಳು ಮೂರು ದಿನದ ಟ್ರಿಪ್ಪಿಗೆ ಬೆರಳಲ್ಲೇ ಎಲ್ಲವನ್ನೂ ಒತ್ತಿ ಮುಗಿಸುತ್ತಾರೆ. ನಮ್ಮತ್ತೆ ಅರ್ಧ ದಿನದ ಅರಳಗುಪ್ಪೆಗೆ ಎರಡು ದಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಸರ್ವೇ ಮಾಡಿದರು. ಬೋರ್ಡಿನಲ್ಲಿ ಬರೆದ ಟೈಮನ್ನು ಅವರು ನಂಬುತ್ತಿರಲಿಲ್ಲ. "ಬೋರ್ಡು ಬರ್ದೋನು ಬಸ್ ಓಡಿಸ್ತಾನಾ?" ಎಂದು ನೇರವಾಗಿ ಕಂಡಕ್ಟರುಗಳನ್ನೇ ಹಿಡಿಯುತ್ತಿದ್ದರು. ಆಮೇಲೆ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದರು. ಊರು, ಬಸ್ಸಿನ ಹೊತ್ತು, ಕಂಡಕ್ಟರನ ಗುರುತು. "ಆರೂಕಾಲು, ಅರಸೀಕೆರೆ ಬಸ್ಸು, ಮೀಸೆಯವನು." "ಹತ್ತು, ತುರುವೇಕೆರೆ, ಸಿಡುಕ." ಅದು ತಪ್ಪಿದರೆ ಇನ್ನೊಂದು, ಅದೂ ತಪ್ಪಿದರೆ ಮತ್ತೊಂದು. ಪ್ಲಾನ್ ಎ, ಪ್ಲಾನ್ ಬಿ ಎಂದು ನಾನು ಕರೆಯುವ ಮುಂಚೆಯೇ ನಮ್ಮ ಗೋಡೆಯ ಮೇಲೆ ಪ್ಲಾನ್ ಡಿ ಇತ್ತು!

ಪ್ರತಿ ಸಾಲಿನ ಕೊನೆಗೆ ಒಂದು ಒಕ್ಕಣೆ: ಹೋಗೋರು ಇಬ್ಬರು, ಬರೋರು ಇಬ್ಬರು.

"ಇದನ್ನು ಎರಡೆರಡು ಸಲ ಯಾಕೆ ಬರೀತೀರಿ ಅತ್ತೆ? ಒಬ್ಬರನ್ನು ಅಲ್ಲೇ ಬಿಟ್ಟು ಬರ್ತೀವಾ?"

"ಹೋಗೋದು ಬಸ್ಸಿನೋನ್ ಕೈಲೈತೆ, ಬರೋದು ನಮ್ ಕೈಲೈತೆ ಕಣೇ. ಎರಡೂ ಒಂದೇನಾ?"

ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ದಿಂಬಿನ ಕೆಳಗಿದ್ದ ಬೀಗದಕೈ ಇಲ್ಲ, ನನ್ನ ಸೀರೆಗಳೆಲ್ಲ ಗೋಡೆಯ ಬೀರುವಿನಲ್ಲಿವೆ! ಟ್ರಂಕಿನೊಳಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಕೋಡುಬಳೆ, ಮೊಸರನ್ನ, ಎರಡು ಚೊಂಬು, ಅತ್ತೆಯ ಲಿಂಗಪೂಜೆಯ ಸಾಮಾನು. ಅರ್ಧ ಗಂಟೆಯ ದಾರಿಗೆ! "ಮನೇಲಿ ಬೀಗ ಇರೋ ಪೆಟ್ಟಿಗೆ ಇದೊಂದೇ ಕಣೇ" ಎಂದರು. ರೊಟ್ಟಿಗೆ ಬೀಗ ಯಾಕೆ ಎಂದು ನಾನು ಕೇಳಲಿಲ್ಲ.

ಬಸ್ಸು ಹೊರಟಿತು. ಅತ್ತೆ ನಿಂಬೆಹಣ್ಣನ್ನು ಮೂಗಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದರು. ಊರಾಚೆಯ ಮೊದಲ ತಿರುವು ಬಂತು. ಕಿಟಕಿಯೂ ಬಂತು. ನಾನು ಗಾಬರಿಯಾಗಿ ಅವರ ಬೆನ್ನು ನೀವಿದೆ. ಎಷ್ಟೋ ವಾರಗಳ ಮೇಲೆ ನನ್ನ ಕೈ ಬೇರೆಯವರ ಕೆಲಸಕ್ಕೆ ಬಂದದ್ದು ಅದೇ ಮೊದಲು.

"ವಾಪಸ್ ಹೋಗೋಣ ಅತ್ತೆ."

ಬಾಯಿ ಒರೆಸಿಕೊಂಡು ಹೇಳಿದರು: "ಈ ಹೊಟ್ಟೆಗೆ ಊರು ಬುಡಕ್ಕೆ ಇಷ್ಟ ಇಲ್ಲ, ಮಂಡಿ ಹತ್ರಾನೇ ಇರ್ತೀನಿ ಅಂತದೆ. ಅದ್ರ ಮಾತು ನಾನ್ ಕೇಳಲ್ಲ. ಕೋಡುಬಳೆ ತಿಂತೀಯಾ?"

ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯ ಚಾವಣಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ದಿಕ್ಕು ದಿಕ್ಕಿಗೂ ದೇವತೆಗಳು. ನಾನು ಕತ್ತೆತ್ತಿ ನೋಡುತ್ತಿದ್ದರೆ ಪಕ್ಕದಲ್ಲಿ ಅತ್ತೆ ಕಾಣೆ. ಎಲ್ಲಿ ಹೋದರು ಅಂದರೆ, ನೆಲದ ಮೇಲೆ ಸೆರಗು ಹಾಸಿಕೊಂಡು ಅಂಗಾತ ಮಲಗಿದ್ದಾರೆ!

"ಅತ್ತೆ! ಏಳಿ! ಯಾರಾದರೂ ನೋಡಿದರೆ!"

"ಮಲಕ್ಕೊಂಡೇ ನೋಡ್ಬೇಕು ಕಣೇ, ಇಲ್ದಿದ್ರೆ ಕತ್ತು ಹಿಡ್ಕಂತದೆ. ಬಾ. ಹೆಂಗೂ ಎರಡು ತಿಂಗ್ಳಿಂದ ಮಲಗಿದ್ದೀಯ. ಮಲಗೋದೇ ಆದ್ರೆ ಇಂಥ ಚಾವಣಿ ಕೆಳ್ಗೆ ಮಲಗು."

ಡಿಪೋರ್ಟ್‌ಮೆಂಟಿಗೆ, ಅಂದರೆ ನಿಲ್ಲುವ ನಡೆಯುವ ಠೀವಿಗೆ, ಪ್ರೈಜ್ ತೆಗೆದುಕೊಂಡಿದ್ದ ನಾನು, ತಲೆಯ ಮೇಲೆ ಪುಸ್ತಕವಿಟ್ಟುಕೊಂಡು ನೆಟ್ಟಗೆ ನಡೆಯುವುದನ್ನು ಕಲಿತ ನಾನು, ಅತ್ತೆಯ ಪಕ್ಕದಲ್ಲಿ ಕಲ್ಲಿನ ನೆಲದ ಮೇಲೆ ಮಲಗಿದೆ. ತಣ್ಣಗಿತ್ತು. ತೊಲೆ ಎಣಿಸಬೇಕಾಗಿರಲಿಲ್ಲ.

ಸೋಮವಾರ ಹೊರಡುತ್ತೇನೆ ಎಂದೆ. "ಹೊರಡು, ಯಾರು ಬೇಡ ಅಂದೋರು? ತುರುವೇಕೆರೆ ಒಂದು ನೋಡ್ಬುಡು." ತುರುವೇಕೆರೆಯ ಗಂಗಾಧರೇಶ್ವರನ ಮುಂದೆ ಕರಿಕಲ್ಲಿನ ನಂದಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವುದು. ಜನ ಕೈ ಮುಗಿದರು, ಪ್ರದಕ್ಷಿಣೆ ಹಾಕಿದರು. ನಮ್ಮತ್ತೆ ನಂದಿಯ ಪಕ್ಕೆಯ ಮುಂದೆ ಬಗ್ಗಿ ನಿಂತು, ಬಸ್ಸಿನ ಗಾಳಿಗೆ ಕೆದರಿದ್ದ ತಲೆಗೂದಲನ್ನು ತೀಡಿಕೊಂಡು, ವಿಭೂತಿ ಕುಂಕುಮ ಸರಿಮಾಡಿಕೊಂಡರು! ಆಮೇಲೆ ನನ್ನ ಭುಜ ಹಿಡಿದು ಅಲ್ಲಿಗೆ ತಂದು ನಿಲ್ಲಿಸಿದರು.

"ನೋಡ್ಕೊ ನಿನ್ ಮಖಾನ. ಮನೆ ಕನ್ನಡಿ ನೀನು ಮುಟ್ಟಿಲ್ಲ."

ನೋಡಿದೆ. ನಂದಿಯ ಹೊಟ್ಟೆಯಲ್ಲಿ ಒಬ್ಬಳು ಬಡಕಲು ಹೆಂಗಸು ಇದ್ದಳು.

"ಚೆನ್ನಾಗಿಲ್ಲ" ಎಂದೆ.

"ಎತ್ತಿನ ಹೊಟ್ಟೇಲಿ ಯಾರು ಚೆನ್ನಾಗಿ ಕಾಣ್ತಾರೆ? ನಡಿ, ರೊಟ್ಟಿ ತಿನ್ನಾಣ."

ಹೀಗೆ ನಾನು ಗೊತ್ತುಮಾಡಿದ ಪ್ರತಿ ಸೋಮವಾರಕ್ಕೂ ಮುಂಚೆ ಒಂದು ಗುರುವಾರ ಅಡ್ಡ ಬರುತ್ತಿತ್ತು. ಸೀರೆಗಳನ್ನು ನಾನು ಟ್ರಂಕಿಗೆ ಹಾಕುವುದು, ಅತ್ತೆ ಬೀರುವಿಗೆ ಹಾಕುವುದು. ಒಂದು ದಿನವೂ ಈ ಬಗ್ಗೆ ನಮ್ಮಿಬ್ಬರಿಗೂ ಮಾತಾಗಲಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಕೋಲ್ಡ್ ವಾರ್ ಅನ್ನುತ್ತಾರೆ. ನಮ್ಮದು ಮಾತ್ರ ಕೋಡುಬಳೆಯ ಪರಿಮಳದ ವಾರ್!

ಹಳೇಬೀಡಿನ ಪ್ಲಾನ್ ಗೋಡೆಯ ಮೇಲೆ ಬಂದ ವಾರವೇ ಅಪ್ಪನ ಕೊನೆಯ ಪತ್ರ ಬಂತು. ಕೆಲಸ ಇನ್ನು ಕಾಯುವುದಿಲ್ಲ, ಸೋಮವಾರದ ರೈಲಿಗೆ ಬಾ, ಸ್ಟೇಷನ್ನಿಗೆ ನಾನೇ ಬರುತ್ತೇನೆ. ಅದನ್ನು ಅತ್ತೆಗೆ ಓದಿ ಹೇಳಿದೆ. ಅವರು ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡರು. "ಆಗ್ಲಿ. ಈ ಸಲ ಹೋಗ್ಬುಡು" ಎಂದರು. ಅದೊಂದು ರೊಟ್ಟಿ ಮಾತ್ರ ಸೀದುಹೋಯಿತು.

ಗುರುವಾರ ಬೆಳಗಿನ ಮಬ್ಬಿನಲ್ಲಿ ಬಸ್ ಸ್ಟ್ಯಾಂಡ್ ಪಕ್ಕದ ಗಣಪತಿ ಗುಡಿಗೆ ಹೋದೆವು. ದೂರದ ಪ್ರಯಾಣವಾದ್ದರಿಂದ ಕಾಯಿ ಒಡೆಸಬೇಕು. ಅತ್ತೆ ಸೆರಗಿನಿಂದ ಕಾಯಿ ತೆಗೆದು ಕೊಟ್ಟರು. ಪೂಜಾರಿ ಕಲ್ಲಿಗೆ ಅಪ್ಪಳಿಸಿದರು. ಟಕ್! ನೀರು ಚಿಮ್ಮಲಿಲ್ಲ. ಕರಟ ಎರಡು ಹೋಳಾಗಿ ಬಿತ್ತು, ಒಳಗಿನಿಂದ ದುಂಡನೆಯ ಉಂಡೆಕೊಬ್ಬರಿಯೊಂದು ಇಡಿಯಾಗಿ ಎದ್ದು ಬಂದು, ಗುಡಿಯ ಮೆಟ್ಟಿಲನ್ನು ಒಂದೊಂದಾಗಿ ಇಳಿದು, ರಸ್ತೆ ದಾಟಿ, ಅರಸೀಕೆರೆ ಬಸ್ಸಿನ ಮೀಸೆ ಕಂಡಕ್ಟರನ ಚಪ್ಪಲಿಗೆ ತಾಗಿ ನಿಂತಿತು!

ಅಟ್ಟದ ಏಣಿಯ ಬಳಿ ಎರಡು ಬುಟ್ಟಿ ಇರುತ್ತಿದ್ದವು. ಒಂದರಲ್ಲಿ ಅಡುಗೆಗೆ ಸುಲಿದ ನೀರುಕಾಯಿ, ಇನ್ನೊಂದರಲ್ಲಿ ಕರಟ ಒಡೆಯಲು ಸುಲಿದಿಟ್ಟ ಕೊಬ್ಬರಿಕಾಯಿ. ಇಡೀ ಬೀದಿಗೆ ಕಿವಿಯಾಗಿದ್ದ ನಮ್ಮತ್ತೆ, ಕಾಯಿ ಅಲ್ಲಾಡಿಸದೆ ಕೈಗೆ ತೆಗೆದುಕೊಂಡವರೇ ಅಲ್ಲ. ಅಂಥವರು ಗಣಪತಿಗೆ ತಪ್ಪು ಬುಟ್ಟಿಯ ಕಾಯಿ ತಂದಿದ್ದರು!

ಪೂಜಾರಿ ಬೆರಗಾಗಿ, "ಏನವ್ವಾ ಇದು? ಮಂಡಿಗೆ ಹೋಗೋದ್ನ ಇಲ್ಲಿಗೆ ತಂದಿದ್ದೀರಾ?" ಎಂದರು.

ಕಂಡಕ್ಟರ್ ಕೊಬ್ಬರಿಯನ್ನು ಕೈಯಲ್ಲಿ ತೂಗಿ ನೋಡಿ ಅಲ್ಲಿಂದಲೇ ಕೂಗಿದ: "ನಿಂಬೆಹಣ್ಣಮ್ಮಾರೇ, ಒಳ್ಳೇ ಮಾಲು ಕಣ್ರೀ! ಗಣಪ ಒಪ್ಕೊಂಡವ್ನೆ, ಬೇಗ ಹತ್ರಿ!"

ನನಗೆ ಏನಾಯಿತೋ ಗೊತ್ತಿಲ್ಲ. ಹೊಟ್ಟೆಯ ತಳದಿಂದ ಎದ್ದ ನಗು. ಲೇಡಿಲೈಕ್ ನಗುವಲ್ಲ. ಸಿಸ್ಟರ್ ಕೇಳಿದ್ದರೆ ಕ್ಲಾಸಿನಿಂದ ಹೊರಗೆ ನಿಲ್ಲಿಸುವಂಥ ನಗು. ಗುಡಿಯ ಕಂಬ ಹಿಡಿದು ನಕ್ಕೆ, ಮೆಟ್ಟಿಲ ಮೇಲೆ ಕೂತು ನಕ್ಕೆ, ಕಣ್ಣಲ್ಲಿ ನೀರು ಬಂದು ಅದು ಬೇರೆ ನೀರಾಗಿ, ಮತ್ತೆ ನಗುವಾಯಿತು. ಪೂಜಾರಿ ಅಪಶಕುನ ಎಂದು ಏನೋ ಗೊಣಗಿದರು. ನಮ್ಮತ್ತೆ ಕೊಬ್ಬರಿಯ ಕಡೆಗಾಗಲಿ ಪೂಜಾರಿಯ ಕಡೆಗಾಗಲಿ ನೋಡುತ್ತಲೇ ಇರಲಿಲ್ಲ. ಕಾಯಿ ಅಲ್ಲಾಡಿಸುವಾಗ ಮಾಡುತ್ತಿದ್ದ ಹಾಗೆ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು, ನಾನು ನಗುವುದನ್ನು ಕೇಳುತ್ತ ನಿಂತಿದ್ದರು.

"ಅಪಶಕುನ ಅಲ್ಲ ಸ್ವಾಮಿ" ಎಂದರು. "ಬೇಕಾದ್ರೆ ಇಂಥವ್ನ ಒಂದ್ ಮೂಟೆ ತಂದು ಒಡೆಸ್ತೀನಿ!"

ಆ ದಿನ ಅವರು ಕೊನೇಹಳ್ಳಿಯಲ್ಲೂ, ಅರಸೀಕೆರೆ ದಾಟಿದ ಮೇಲೂ, ಇನ್ನೂ ಎರಡು ಕಡೆಗಳಲ್ಲೂ ಕಿಟಕಿಗೆ ಹೋದರು. ಆದರೆ ಹಳೇಬೀಡಿನಲ್ಲಿ ಇಳಿದಾಗ ಅವರಷ್ಟು ಗೆಲುವಾದವರು ಇನ್ನೊಬ್ಬರಿರಲಿಲ್ಲ. ಕಲ್ಲಿನ ಸುಂದರಿಯರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿದರು: "ಇಷ್ಟೊಂದು ಒಡವೆ ಏರಿಸ್ಕೊಂಡು ನಿಂತವ್ರಲ್ಲ, ಇವರ ಮನೇಲಿ ಮುಸುರೆ ತಿಕ್ಕೋರು ಯಾರೇ?" ನನ್ನ ಹಿಸ್ಟರಿ ಮಿಸ್ಸು ಇಡೀ ವರ್ಷ ಹೊಯ್ಸಳರ ಬಗ್ಗೆ ಹೇಳಿಕೊಟ್ಟಿದ್ದರು. ಈ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ.

ವಾಪಸ್ಸು ಬರುವಾಗ ಟ್ರಂಕಿನೊಳಗೆ ಎಣ್ಣೆಯ ಸೀಸೆ ಒಡೆದು ಚಟ್ನಿಪುಡಿಯೆಲ್ಲ ಹರಡಿಕೊಂಡಿತು. ತೊಳೆದೆವು, ಬಿಸಿಲಿಗಿಟ್ಟೆವು. ಹುಚ್ಚೆಳ್ಳಿನ ವಾಸನೆ ಜಗ್ಗಲಿಲ್ಲ. ಭಾನುವಾರ ಮೋಡ. ಸೋಮವಾರ ಬೆಳಿಗ್ಗೆ ಅತ್ತೆ ಟ್ರಂಕನ್ನು ಮುಟ್ಟಿ ನೋಡಿ, ಈ ಸಲ ಏನೂ ಹೇಳದೆ, ಎಮ್ಮೆ ಕರೆಯಲು ಹೋದರು. ಬಾಯಿ ತೆರೆದ ಖಾಲಿ ಟ್ರಂಕಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ರೈಲಿನ ಕೂಗು ಕೇಳಿಸಿತು. ಆಮೇಲೆ ಇನ್‌ಲ್ಯಾಂಡ್ ಲೆಟರ್ ತೆಗೆದು ಬರೆದೆ: "ಡಿಯರ್ ಅಪ್ಪಾ, ಟ್ರಂಕು ಇನ್ನೂ ಒಣಗಿಲ್ಲ. ಶ್ರವಣಬೆಳಗೊಳ ನೋಡಿಕೊಂಡು ಬರುತ್ತೇನೆ."

ಶ್ರವಣಬೆಳಗೊಳ ಮುಗಿಯಿತು. (ಬೆಟ್ಟ ಹತ್ತಿ, ಅಷ್ಟೆತ್ತರದ ಸ್ವಾಮಿಗೆ ಕೈ ಮುಗಿದು, "ಪಾಪ, ಇವರವ್ವ ಎಷ್ಟು ರೊಟ್ಟಿ ತಟ್ಟಿದ್ಲೋ!" ಎಂದು ಅತ್ತೆ ಕಣ್ಣೊರೆಸಿಕೊಂಡರು.) ಬೋರನಕಣಿವೆ ಮುಗಿಯಿತು, ಮೈಸೂರು ಮುಗಿಯಿತು. ನಮ್ಮ ತಿಪಟೂರಿನಲ್ಲೇ ಒಂದು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರಿಲ್ಲ ಎಂಬ ಸುದ್ದಿಯನ್ನು ಮೀಸೆ ಕಂಡಕ್ಟರ್ ಅತ್ತೆಗೆ ಹೇಳಿದ, ಅತ್ತೆ ನನಗೆ ಹೇಳಿದರು. ನಾನು ಟೀಚರಾದೆ. ಸೀರೆಗಳು ಬೀರುವಿನಲ್ಲೇ ಉಳಿದವು. ಆಮೇಲೊಂದು ವರ್ಷ ನನಗೆ ಮತ್ತೆ ದಿನ ತುಂಬುತ್ತ ಬಂದಾಗ ಬಾಣಂತನಕ್ಕೆ ಬೆಂಗಳೂರಿಗೆ ಹೊರಟೆ. ಜೊತೆಗೆ ಅತ್ತೆ, ರೈಲಿನಲ್ಲಿ, ನಿಂಬೆಹಣ್ಣಿನ ಸಮೇತ. ಮಗಳು ಹುಟ್ಟಿದಳು. ಐದನೇ ತಿಂಗಳಿಗೆ ಅತ್ತೆಯೇ ಬಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು.

ಅಲ್ಲಿಗೆ ಪ್ರವಾಸಗಳು ನಿಂತವು! ಒಮ್ಮೆಗೇ! ಗೋಡೆಯ ಮೇಲೆ ಒಂದು ಹೊಸ ಸಾಲೂ ಇಲ್ಲ. ನಾನೇ ತಡೆಯಲಾರದೆ, "ಅತ್ತೆ, ಈ ಗುರುವಾರ ಜೋಗಕ್ಕೆ ಹೋಗೋಣವಾ?" ಎಂದರೆ, "ಅಯ್ಯೋ, ಯಾರಿಗ್ ಬೇಕವ್ವ ಆ ಬಸ್ಸಿನ ನಾತ! ನೀರು ಬೀಳೋದ್ ನೋಡ್ಬೇಕಾದ್ರೆ ಬಚ್ಚಲಲ್ಲಿ ನೋಡು" ಎಂದು ಮೊಮ್ಮಗಳ ಬೆನ್ನು ತಟ್ಟುತ್ತ ಕೂತರು.

ನಮ್ಮ ಯಜಮಾನರನ್ನು ಕೇಳಿದೆ. ಅವರು ಕಡಿಮೆ ಮಾತಿನವರು, ಕೊಬ್ಬರಿಯಂತೆ ಒಳಗೇ ಇರುವವರು. ಆ ದಿನ ಹೇಳಿದರು: "ಅಮ್ಮನಿಗೆ ಬಸ್ಸು ಯಾವತ್ತೂ ಆಗ್ತಿರಲಿಲ್ಲ. ಹಂದನಕೆರೆ ಅವರ ತವರು. ಅಲ್ಲಿಗೂ ಎತ್ತಿನ ಗಾಡಿಯಲ್ಲೇ ಹೋಗ್ತಿದ್ದರು. ನೀನು ಮಲಗಿದ್ದೆಯಲ್ಲ, ಆಗ ಅಪ್ಪ 'ಸುಮ್ನೆ ಬುಡು, ಕೆಲವು ದಿನ ಮಲಗಿದ್ರೆ ತಾನೇ ಸರಿಹೋಯ್ತಾಳೆ' ಅಂದರು. ಅದಕ್ಕೆ ಅಮ್ಮ ಏನಂದ್ರು ಗೊತ್ತಾ? 'ಕತ್ತಲಲ್ಲಿ ಸುಮ್ನೆ ಬಿದ್ದಿದ್ರೆ ಕಾಯಿ ಕೊಬ್ಬರಿ ಆಯ್ತದೆ ಕಣ್ರೀ. ಹೆಣ್ಮಗಳು ಏನಾಯ್ತಾಳೆ?' ಅಂತ. ಮಾರನೇ ದಿನ ನಿಂಬೆಹಣ್ಣು ತರಿಸಿದರು."

ಥ್ಯಾಂಕ್ಯೂ ಎನ್ನುವ ಪದವನ್ನು ಕಾನ್ವೆಂಟಿನಲ್ಲಿ ದಿನಕ್ಕೆ ಐವತ್ತು ಸಲ ಹೇಳಿಸುತ್ತಿದ್ದರು. ಪೆನ್ಸಿಲ್ ಕೊಟ್ಟವರಿಗೆ, ಬಾಗಿಲು ತೆರೆದವರಿಗೆ. ಇದಕ್ಕೆ ಆ ಪದ ಸಾಲದು ಎಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಹೋಗಿ ಅತ್ತೆಯ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಿದೆ.

ಆ ವರ್ಷ ಯುಗಾದಿಗೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟ ಖಾಲಿಯಾಗಿತ್ತು. ಮೂಲೆಯ ಬಲೆ ತೆಗೆಯಲು ನಾನು ಪೊರಕೆ ಹಿಡಿದು ಏಣಿ ಹತ್ತಿದೆ. ಕೆಳಗೆ ಅತ್ತೆ, ಸೊಂಟದಲ್ಲಿ ಮೊಮ್ಮಗಳು, ಒಂದು ಕೈಯಲ್ಲಿ ಏಣಿ. ಅಟ್ಟದ ಒಳಗೋಡೆಯಲ್ಲಿ, ನಾನು ಎಂದೂ ಹೋಗದ ಮೂಲೆಯಲ್ಲಿ, ಇದ್ದಿಲಿನ ಒಂದು ಸಾಲು ಕಂಡಿತು. ಹಳೆಯದು, ಹೊಗೆ ಹಿಡಿದಿತ್ತು. ಅದೇ ಕೈಬರಹ.

"ಸೋಮವಾರ. ಬೆಂಗಳೂರು. ರೈಲು. ಕೂಸಿನ ಟ್ರಂಕು ನಾನು ಹಿಡಿಯೋದು. ಹೋಗೋರು ಇಬ್ಬರು, ಬರೋರು"

ಅಷ್ಟೇ. ಮುಂದೆ ಖಾಲಿ. ಕೂಸು ಅಂದರೆ ನಾನು. ಅದೂ ಒಂದು ಪ್ಲಾನ್ ಆಗಿತ್ತು, ಅಪ್ಪನ ಕೊನೆಯ ಪತ್ರದ ಸೋಮವಾರದ್ದು! ನನ್ನನ್ನು ಬಿಟ್ಟು ಬರಲು ಅವರೇ ಬರುವವರಿದ್ದರು. ವಾಪಸ್ಸು ಬರುವವರು ಒಬ್ಬರು ಎಂದು ಬರೆಯಲು ಅವರಿಗೆ ಕೈ ಬಂದಿರಲಿಲ್ಲ, ಇಬ್ಬರು ಎಂದು ಬರೆಯಲು ನನ್ನನ್ನು ಕೇಳಬೇಕಾಗಿತ್ತು.

"ಏನೇ, ಇಷ್ಟೊತ್ತು? ಹಲ್ಲಿ ಐತಾ?" ಎಂದು ಕೆಳಗಿನಿಂದ ಕೂಗಿದರು.

"ಒಂದು ಕಡೆ ಖಾಲಿ ಬಿಟ್ಟಿದ್ದೀರಿ ಅತ್ತೆ."

ಏಣಿಯನ್ನು ಹಿಡಿದ ಕೈ ಬಿಗಿಯಾದದ್ದು ನನಗೆ ಮೇಲಕ್ಕೇ ತಿಳಿಯಿತು.

"ನೀನೇ ಬರ್ಕೊಳ್ಲಿ ಅಂತ ಬುಟ್ಟಿದ್ದೆ" ಎಂದರು.

ಅಟ್ಟದ ಹಲಗೆಯ ಮೇಲೆ ಇದ್ದಿಲಿನ ಚೂರೊಂದು ಬಿದ್ದಿತ್ತು. ಅದನ್ನು ಎತ್ತಿಕೊಂಡೆ. ಖಾಲಿ ಜಾಗದಲ್ಲಿ ಬರೆದೆ. ಕೆಳಗಿಳಿದು, ಮಸಿಯಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, "ಇಬ್ಬರು ಅಂತ ಬರೆದೆ ಅತ್ತೆ" ಎಂದೆ.

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಸೊಂಟದ ಮೇಲಿದ್ದ ಮಗಳನ್ನು ನನ್ನ ಕೈಗೆ ಹಾಕಿ, ತಾವೇ ಏಣಿಯ ಕಡೆ ತಿರುಗಿ ಸೆರಗು ಸಿಕ್ಕಿಸಿಕೊಂಡರು.

"ಕಾನ್ವೆಂಟಲ್ಲಿ ಇದೇ ಹೇಳ್ಕೊಟ್ರಾ? ಹಿಡ್ಕೊ ಏಣೀನ. ಮೂವರು ಕಣೇ, ದಡ್ಡಿ! ಹೋಗೋರು ಇಬ್ಬರು, ಬರೋರು ಮೂವರು."